ಉಳ್ಳಾರ್ತಿಯ ಪಡಸಾಲೆಯಲ್ಲೊಂದು ಯುದ್ಧವಿಮಾನ

ಕಳೆದ ದಸರಾ ರಜೆಗೆ ತವರಿಗೆ ಹೊರಟಾಗ ನನ್ನ ಕೈಯಲ್ಲಿ ಎರಡು ಬ್ಯಾಗು, ಮಗನ ತೊಡೆಯ ಮೇಲೆ ಒಂದು ಪೆಟ್ಟಿಗೆ. ಬೆಂಗಳೂರಿನಿಂದ ಹಿರಿಯೂರು ದಾಟಿ ಚಳ್ಳಕೆರೆ, ಅಲ್ಲಿ ಬಸ್ಸು ಬದಲಿಸಿ ದೊಡ್ಡಉಳ್ಳಾರ್ತಿ. ಅಷ್ಟು ದೂರವೂ ಅವನು ಆ ಪೆಟ್ಟಿಗೆಯನ್ನು ಕೆಳಗಿಡಲಿಲ್ಲ. ಚಳ್ಳಕೆರೆಯಲ್ಲಿ ಹತ್ತಿದ ಬಸ್ಸಿನ ಕಂಡಕ್ಟರ್, "ಏನಪ್ಪಾ, ಸ್ವೀಟಾ?" ಎಂದು ಕೇಳಿದರು. "ಅಲ್ಲ ಅಂಕಲ್, ಏರೋಪ್ಲೇನು" ಎಂದ. ಕಂಡಕ್ಟರ್ ನಕ್ಕುಬಿಟ್ಟರು. "ಉಳ್ಳಾರ್ತಿಗೆ ಏರೋಪ್ಲೇನು ಹೊತ್ಕೊಂಡು ಹೋಗ್ತಿದೀಯಾ? ಆ ಕಡೆ ಆಕಾಶದಾಗೆ ಅವೇ ಅಲ್ವೇನಪ್ಪಾ!"

ಕಂಡಕ್ಟರ್ ಹೇಳಿದ್ದು ತಮಾಷೆಯಾದರೂ ಸುಳ್ಳಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಪೆಟ್ಟಿಗೆಯ ವಿಷಯ.

ನನ್ನ ಮಗ ಒಂಬತ್ತನೇ ತರಗತಿ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಕರೆದುಕೊಂಡು ಹೋಗಿದ್ದೇ ತಪ್ಪಾಯಿತು ನೋಡಿ. ಅಂದಿನಿಂದ ಅವನಿಗೆ ವಿಮಾನದ ಹುಚ್ಚು. ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ವಿಮಾನದ ಮಾದರಿ ಮಾಡುವುದು ಅವನ ಹವ್ಯಾಸ. ಈ ಸಲ ಅವನ ಸೋದರಮಾವ ಹುಟ್ಟುಹಬ್ಬಕ್ಕೆ ಕೊಟ್ಟ ದುಡ್ಡಿನಲ್ಲಿ ಜೆಕ್ ದೇಶದಿಂದ ಬಂದ ಕಿಟ್ ಒಂದನ್ನು ಕೊಂಡಿದ್ದ. ಎರಡನೇ ಮಹಾಯುದ್ಧದ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ. ನಿಜವಾದ ವಿಮಾನದ ಎಪ್ಪತ್ತೆರಡನೇ ಒಂದು ಭಾಗದ ಅಳತೆ. ಅಂದರೆ ಹನ್ನೊಂದೂಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲದ ರೆಕ್ಕೆ ಇಲ್ಲಿ ಹದಿನಾರು ಸೆಂಟಿಮೀಟರು ಕೂಡ ಇಲ್ಲ. ಅಂಗೈ ಮೇಲೆ ಕೂರುತ್ತದೆ.

"ಇದು ಶಾರ್ಟ್ ರನ್ ಕಿಟ್ ಅಮ್ಮ, ಕಷ್ಟ" ಎಂದಿದ್ದ. ನನಗೇನೂ ಅರ್ಥವಾಗಿರಲಿಲ್ಲ. ಊರಿನ ಪಡಸಾಲೆಯಲ್ಲಿ ಚಾಪೆ ಹಾಸಿ ಪೆಟ್ಟಿಗೆ ಬಿಚ್ಚಿದಾಗ ಅರ್ಥವಾಯಿತು.

ಆಟಿಕೆ ಅಂಗಡಿಯಲ್ಲಿ ಸಿಗುವ ದೊಡ್ಡ ಕಂಪನಿಗಳ ಕಿಟ್‌ಗಳನ್ನು ಉಕ್ಕಿನ ಅಚ್ಚಿನಲ್ಲಿ ಲಕ್ಷಗಟ್ಟಲೆ ಹೊಯ್ಯುತ್ತಾರೆ. ಒಂದು ಭಾಗದ ಗೂಟ ಇನ್ನೊಂದರ ತೂತಿಗೆ ಟಕ್ಕೆಂದು ಕೂರುತ್ತದೆ. ಶಾರ್ಟ್ ರನ್ ಹಾಗಲ್ಲ. ಹೆಚ್ಚು ಜನ ಕೇಳದ, ಅಪರೂಪದ ವಿಮಾನಗಳಿಗೆ ಉಕ್ಕಿನ ಅಚ್ಚು ಮಾಡಿಸಿದರೆ ಅಸಲೂ ಹುಟ್ಟುವುದಿಲ್ಲ. ಅದಕ್ಕೆ ಕಡಿಮೆ ಖರ್ಚಿನ, ಮೆತ್ತಗಿನ ಅಚ್ಚು ಮಾಡಿ ಕೆಲವು ಸಾವಿರ ಪ್ರತಿ ಮಾತ್ರ ತೆಗೆಯುತ್ತಾರೆ. ಭಾಗಗಳ ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಸಿವುರು ಉಳಿದಿರುತ್ತದೆ. ಗೂಟವೂ ಇಲ್ಲ, ತೂತೂ ಇಲ್ಲ. ಎಂಜಿನ್ನು, ಪೈಲಟ್ ಕೂರುವ ಜಾಗ ಇವೆಲ್ಲ ರೆಸಿನ್ನಿನಲ್ಲಿ ಬೇರೆಯಾಗಿ ಬಂದಿರುತ್ತವೆ. ಪ್ರತಿಯೊಂದನ್ನೂ ಕತ್ತರಿಸಿ, ಉಜ್ಜಿ, ಜೋಡಿಸಿ ನೋಡಿ, ಮತ್ತೆ ಉಜ್ಜಿ, ಆಮೇಲೆ ಅಂಟು ಹಾಕಬೇಕು. ಕಂಪನಿಯವರು ಅರ್ಧ ಕೆಲಸ ಮಾಡಿ ಉಳಿದರ್ಧ ನಮಗೇ ಬಿಟ್ಟಿರುತ್ತಾರೆ ಅನ್ನಿ.

ಅಪ್ಪ ಕಂಬಕ್ಕೊರಗಿ ಕೂತು ಎಲ್ಲ ನೋಡುತ್ತಿದ್ದರು. "ಇಷ್ಟು ದುಡ್ಡು ಕೊಟ್ಟು ತುಂಡು ತಂದೀಯಲ್ಲೋ" ಎಂದರು. ಅಷ್ಟೇ. ಮತ್ತೆ ಮಾತಿಲ್ಲ.

ಈ ವಿಮಾನವೇ ಯಾಕೆ ಎಂದು ನಾನೂ ಮಗನನ್ನು ಕೇಳಿದ್ದೆ. ಅವನು ಹೇಳಿದ ಕಥೆ ನನಗೆ ಗೊತ್ತೇ ಇರಲಿಲ್ಲ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಸಹಾಯದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದರು. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಅಮೆರಿಕದ ವಿಲಿಯಂ ಪಾಲಿ ಎಂಬಾತ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸಿ ಅನುಭವ ಇದ್ದವನು, ಅವನೂ ಕೈಜೋಡಿಸಿದ. ಯುದ್ಧದ ಕಾಲ. 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ ಜೋಡಿಸಿದರು. 1942ರ ಜುಲೈನಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನ ಬೆಂಗಳೂರಿನಿಂದ ಹಾರಿತು. ನಲವತ್ತೆಂಟು ಮಾಡಬೇಕೆಂದಿದ್ದರಂತೆ, ಐದೇ ಆದವು. ಯುದ್ಧಕ್ಕೆ ಹೊಸ ವಿಮಾನಕ್ಕಿಂತ ಕೆಟ್ಟುಬಂದ ವಿಮಾನಗಳ ರಿಪೇರಿಯೇ ಅವಸರವಾಗಿ, ಕಾರ್ಖಾನೆ ಆ ಕೆಲಸಕ್ಕೆ ತಿರುಗಿತು.

"ಬೆಂಗಳೂರಲ್ಲಿ ಮಾಡಿದ ಮೊದಲ ಫೈಟರ್ ಅಮ್ಮ ಇದು. ಪೆಟ್ಟಿಗೆ ಮೇಲೆ ಬೆಂಗಳೂರಿನ ಹೆಸರೇ ಹಾಕಿಲ್ಲ" ಎಂದು ಅವನಿಗೆ ಬೇಸರ. ಐದು ವಿಮಾನದ ಊರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದುಕೊಂಡೆ.

ಈಗ ಕಂಡಕ್ಟರ್ ಹೇಳಿದ ಮಾತಿಗೆ ಬರುತ್ತೇನೆ.

ನಮ್ಮ ಸೀಮೆ ನೋಡದವರಿಗೆ ಒಂದು ಮಾತು. ಮಲೆನಾಡಿನ ಹಸಿರಾಗಲಿ, ಕೋಟೆಯ ಕಲ್ಲಾಗಲಿ ಇಲ್ಲಿ ಕಣ್ಣಿಗೆ ಬೀಳುವುದಿಲ್ಲ. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಶೇಂಗಾ ಹೊಲ, ಜಾಲಿ, ಬೇವು, ದೂರದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರ, ಮತ್ತೆ ಕಣ್ಣು ಹಾಯುವಷ್ಟು ಹುಲ್ಲುಗಾವಲು. ಈ ಹುಲ್ಲುಗಾವಲಿಗೇ ನಾವು ಕಾವಲು ಅನ್ನುವುದು. ಕಾವಲಿನ ಕಥೆಯೂ ಯುದ್ಧದ ಕಥೆಯೇ. ಮೈಸೂರಿನ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ಇಲಾಖೆ ಮಾಡಿ ರಾಸುಗಳನ್ನು ಸಾಕಿಸಿದರು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಹೆಸರಲ್ಲಿ ಬೆಣ್ಣೆ, ಅಮೃತ ಇದ್ದರೂ ಆ ಎತ್ತುಗಳ ಕೆಲಸ ಸೈನ್ಯದ ಫಿರಂಗಿ, ಸಾಮಾನು ಎಳೆಯುವುದು. ಅವು ಮೇಯಲೆಂದೇ ರಾಜ್ಯದ ತುಂಬ ಕಾವಲುಗಳನ್ನು ಕಾದಿರಿಸಿದ್ದರು. ಎತ್ತುಗಳ ಯುದ್ಧ ಮುಗಿದ ಮೇಲೂ ಹುಲ್ಲು ಉಳಿಯಿತು. ಸುತ್ತಲ ಊರುಗಳ ಕುರಿ, ದನ ಅಲ್ಲೇ ಮೇಯುತ್ತಿದ್ದವು. ಚಳ್ಳಕೆರೆ ಕಂಬಳಿಗೆ ಹೆಸರಾಗಿದ್ದರೆ ಅದರ ಬೇರು ಈ ಹುಲ್ಲಿನಲ್ಲೇ ಇದೆ.

ಈಗ್ಗೆ ಹದಿನೈದು ವರ್ಷದ ಆಸುಪಾಸಿನಲ್ಲಿ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸಾವಿರಾರು ಎಕರೆ ದೇಶದ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಹುಲ್ಲುಗಾವಲಿನ ಪ್ರಶ್ನೆ ಹಸಿರು ನ್ಯಾಯಮಂಡಳಿಯವರೆಗೂ ಹೋಗಿದ್ದು ಪತ್ರಿಕೆ ಓದುವವರಿಗೆ ಗೊತ್ತೇ ಇದೆ. ಇಲ್ಲಿನ ವೈಮಾನಿಕ ಪರೀಕ್ಷಾ ವಲಯದಿಂದ 2016ರ ನವೆಂಬರಿನಲ್ಲಿ ರುಸ್ತುಂ-2 ಎಂಬ ಪೈಲಟ್ ಇಲ್ಲದ ವಿಮಾನ ಮೊದಲ ಸಲ ಹಾರಿತು. 2017ರ ಮೇನಲ್ಲಿ ವಲಯದ ಉದ್ಘಾಟನೆ ಆಯಿತು. 2023ರ ಏಪ್ರಿಲ್ 2ರ ಬೆಳಗ್ಗೆ ಇಸ್ರೊದವರ ರೆಕ್ಕೆಯ ರಾಕೆಟ್ಟನ್ನು ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ಬಂದು ಇಲ್ಲಿನ ರನ್‌ವೇ ಮೇಲೆ ಇಳಿಯಿತು. ಮಗ ಬೆಂಗಳೂರಿನಲ್ಲಿ ಟಿ.ವಿ. ಮುಂದೆ ಕುಣಿದಾಡಿದ್ದ, "ಅಮ್ಮ, ತಾತನ ಊರು!" ಎಂದು. ಅವ್ವನಿಗೆ ಫೋನು ಮಾಡಿದರೆ, "ಬೆಳಗ್ಗೆನೇ ಏನೋ ಸದ್ದಾತಪ್ಪ, ನಾನು ಹಿಟ್ಟು ಕಲಸ್ತಿದ್ದೆ" ಎಂದಿದ್ದಳು.

ಅಂದಹಾಗೆ, ಇದನ್ನೆಲ್ಲ ನೋಡಬಹುದೆಂದು ಯಾರೂ ಹೊರಟು ಬರಬೇಡಿ. ಒಳಗೆ ಪ್ರವೇಶವಿಲ್ಲ, ಫೋಟೊ ತೆಗೆಯುವಂತಿಲ್ಲ. ನೋಡಲು ಸಿಗುವುದು ಉದ್ದನೆಯ ಗೋಡೆ, ಅದರ ಮೇಲಿನ ಆಕಾಶ.

ಈಗ ಮನೆಗೆ ವಾಪಸ್ ಬರೋಣ. ಮೊದಲ ಎರಡು ದಿನ ಬರೀ ಉಜ್ಜಿದ್ದೇ ಆಯಿತು. ರೆಸಿನ್ನಿನ ಪುಡಿ ಮೂಗಿಗೆ ಹೋಗಬಾರದು, ಅದಕ್ಕೆ ಮಾಸ್ಕ್ ಹಾಕಿಕೊಂಡು, ತಟ್ಟೆಯಲ್ಲಿ ನೀರಿಟ್ಟುಕೊಂಡು, ಸ್ಯಾಂಡ್ ಪೇಪರ್ ನೆನೆಸಿ ಉಜ್ಜಬೇಕು. ಅಂಗಳದಲ್ಲಿ ಕಿತ್ತು ತಂದ ಶೇಂಗಾ ಬಳ್ಳಿಯ ರಾಶಿ. ಅವ್ವ, ನಾನು ಕಾಯಿ ಬಿಡಿಸುತ್ತ ಕೂತಿದ್ದರೆ, ಪಡಸಾಲೆಯಲ್ಲಿ ಮಗ ಉಜ್ಜುತ್ತ ಕೂತಿರುತ್ತಿದ್ದ. ಎಂಜಿನ್ನಿನ ಒಂಬತ್ತು ಸಿಲಿಂಡರುಗಳನ್ನು ಹೂವಿನ ಎಸಳಿನಂತೆ ಸುತ್ತ ಜೋಡಿಸಿದ. ಕಡ್ಲೆಬೇಳೆಯಷ್ಟೂ ದೊಡ್ಡದಲ್ಲ ಒಂದೊಂದು.

ಮೂರನೇ ದಿನ ಅನಾಹುತ. ಚಕ್ರದ ಕಾಲಿಗೆ ಸೇರಿಸುವ ಸಣ್ಣ ತುಂಡೊಂದು ಚಿಮಟದಿಂದ ಚಿಮ್ಮಿ ಹೋಯಿತು. ಅಕ್ಕಿಕಾಳಿಗಿಂತ ಸಣ್ಣದು. ಶಾರ್ಟ್ ರನ್ ಕಿಟ್ಟಿಗೆ ಬಿಡಿ ತುಂಡು ಎಲ್ಲಿ ಸಿಗಬೇಕು? ಮಗ ಟಾರ್ಚು ಹಿಡಿದು ನೆಲದ ಮೇಲೆ ಮಲಗಿಬಿಟ್ಟ. ಕಣ್ಣಲ್ಲಿ ನೀರು. ಅವ್ವ ಬಂದಳು. "ಏಳಪ್ಪಾ, ಯಾರೂ ಕಾಲಿಡಬ್ಯಾಡ್ರಿ" ಎಂದಳು. ಪೊರಕೆ ತಂದು ಪಡಸಾಲೆಯ ಮೂಲೆಮೂಲೆ ಗುಡಿಸಿದಳು. ಗುಡಿಸಿದ ಧೂಳನ್ನೆಲ್ಲ ಮೊರಕ್ಕೆ ಹಾಕಿಕೊಂಡು ಬಾಗಿಲ ಬೆಳಕಿಗೆ ಕೂತು, ಅಕ್ಕಿ ಕೇರಿದಂತೆ ಕೇರತೊಡಗಿದಳು. ಧೂಳು ಹಾರಿತು, ಕೂದಲು ಹಾರಿತು, ಶೇಂಗಾ ಸಿಪ್ಪೆ ಹಾರಿತು. ಕೊನೆಗೆ ಮೊರದಲ್ಲಿ ನಾಲ್ಕು ಕಲ್ಲು, ಒಂದು ಕೂದಲಿನ ಪಿನ್ನು, ಆ ಬೂದು ಬಣ್ಣದ ತುಂಡು ಉಳಿದವು. "ಇದೇನಾ ನೋಡು" ಎಂದಳು. ಮಗ ಅಜ್ಜಿಯನ್ನು ಅಪ್ಪಿಕೊಂಡ. ಪೆಟ್ಟಿಗೆಯ ಜೊತೆ ಬರುವ ಸೂಚನೆ ಪುಸ್ತಕದಲ್ಲಿ ಮೊರದ ಹೆಸರೂ ಬರೆಯಬೇಕು ಅನ್ನಿಸಿತು.

ಆಮೇಲೆ ರೆಕ್ಕೆ. ಇದು ನಿಜವಾದ ಪರೀಕ್ಷೆ. ರೆಕ್ಕೆಯನ್ನು ಹೊಟ್ಟೆಯ ಭಾಗಕ್ಕೆ ಹಿಡಿದು ನೋಡಿದರೆ ಒಂದು ಕಡೆ ಸರಿಯಾಗಿ ಕೂತಿದೆ, ಇನ್ನೊಂದು ಕಡೆ ಒಂದು ಮಿಲಿಮೀಟರು ಸಂದು. ಕೇಳಲು ಏನೂ ಅಲ್ಲ. ಆದರೆ ಎಪ್ಪತ್ತೆರಡು ಪಟ್ಟು ಮಾಡಿ ನೋಡಿ, ನಿಜವಾದ ವಿಮಾನದಲ್ಲಿ ಅದು ಏಳು ಸೆಂಟಿಮೀಟರು. ಮಗ ಕಂಪನಿಯನ್ನು ಬಯ್ದುಕೊಂಡು ಪೆಟ್ಟಿಗೆ ಮುಚ್ಚಿಟ್ಟ.

ಮಧ್ಯಾಹ್ನ ಮುದ್ದೆ ಉಂಡು ಎದ್ದಮೇಲೆ ಅಪ್ಪ ಮೊದಲ ಸಲ ಚಾಪೆಯ ಹತ್ತಿರ ಬಂದು ಕೂತರು. ಕನ್ನಡಕ ಹಾಕಿಕೊಂಡು ರೆಕ್ಕೆಯನ್ನು ಎತ್ತಿ ಹಿಡಿದು ಬೆಳಕಿಗೆ ನೋಡಿದರು. "ಒತ್ತಿ ಕೂರಿಸಬ್ಯಾಡ. ಒತ್ತಿದ್ರೆ ಈ ಕಡೆ ಕೂಡ್ತೈತೆ, ಆ ಕಡೆ ಬಿಡ್ತೈತೆ. ಸಂದಿಗೆ ಏನಾರ ತೆಳ್ಳಂದು ಕೊಡು" ಎಂದರು. ಹಿಂದೆ ಕೈಯಾರೆ ರೊಪ್ಪದ ಬಾಗಿಲು ಕೂರಿಸಿದ ಮನುಷ್ಯ. ಮಗ ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಸಂದಿನಲ್ಲಿಟ್ಟ. ಅಪ್ಪ ಎರಡು ಬೆಂಕಿಪೊಟ್ಟಣ ತಂದು ಎರಡೂ ರೆಕ್ಕೆಯ ತುದಿಗೆ ಒತ್ತುಕೊಟ್ಟರು, ಎರಡೂ ಒಂದೇ ಎತ್ತರಕ್ಕೆ ನಿಂತವು. ಅಂಟು ಹಾಕಿ ರಾತ್ರಿಯಿಡೀ ಹಾಗೇ ಬಿಟ್ಟೆವು. ಬೆಳಗ್ಗೆ ಪುಟ್ಟಿ ತುಂಬಿ ಉಜ್ಜಿದಾಗ ಸಂದು ಎಲ್ಲಿತ್ತೆಂದು ಬೆರಳಿಗೆ ಗೊತ್ತಾಗಲಿಲ್ಲ.

ಅಂದಿನಿಂದ ತಾತ ಮೊಮ್ಮಗ ಒಂದೇ ಚಾಪೆ. ಈ ವಿಮಾನದ ಚಕ್ರದ ಕಾಲು ಹಿಂದಕ್ಕೆ ಮಡಚುತ್ತ ಹೋಗಿ, ಚಕ್ರ ಅಡ್ಡ ತಿರುಗಿ ರೆಕ್ಕೆಯೊಳಗೆ ಮಲಗುತ್ತದೆ. ಮಗ ವಿವರಿಸಿದರೆ ಅಪ್ಪ, "ಎತ್ತು ಮಂಡಿ ಮಡಚ್ಕೊಂಡು ಮಲಗಿದಂಗೆ" ಎಂದರು. ಎಂಜಿನಿಯರೂ ಇಷ್ಟು ಚೆನ್ನಾಗಿ ಹೇಳಲಾರ.

ಇಲ್ಲಿ ನನ್ನದೊಂದು ವಿಷಯ ಹೇಳಲೇಬೇಕು.

ಅಪ್ಪನಿಗೆ ಒಂದು ಕಾಲಕ್ಕೆ ಅರವತ್ತು ಕುರಿ ಇದ್ದವು. ಕಾವಲಿಗೆ ಬೇಲಿ ಬಿದ್ದ ಮೇಲೆ ಮೇವು ದೂರವಾಯಿತು. ಅಪ್ಪನಿಗೂ ವಯಸ್ಸಾಗಿತ್ತು. ಒಂದು ದಿನ ಫೋನಿನಲ್ಲಿ, "ಏನ್ಮಾಡ್ಲವ್ವಾ ಕುರಿನಾ?" ಎಂದು ಕೇಳಿದರು. ನಾನು ಆಫೀಸಿನ ಗಡಿಬಿಡಿಯಲ್ಲಿದ್ದೆ. "ಮಾರಿಬಿಡಪ್ಪಾ, ಈ ವಯಸ್ಸಲ್ಲಿ ಯಾಕೆ? ಊರು ಮುಂದೆ ಬರ್ತಿದೆ, ಒಳ್ಳೇದೇ ಆಯ್ತಲ್ಲ" ಎಂದೆ. ಎರಡು ನಿಮಿಷದ ಮಾತು. ಅವರು ಮಾರಿದರು. ಆಮೇಲೆ ಅದರ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ನಾನೂ ಕೇಳಲಿಲ್ಲ. ಊರಿಗೆ ಬಂದಾಗೆಲ್ಲ ಖಾಲಿ ರೊಪ್ಪ ನೋಡಿಯೂ ನೋಡದಂತೆ ಒಳಗೆ ಹೋಗುತ್ತಿದ್ದೆ.

ರೆಕ್ಕೆ ಕೂಡಿದ ದಿನ ಸಂಜೆ ಅಪ್ಪ ಮೊಮ್ಮಗನನ್ನು ನಡೆಸಿಕೊಂಡು ಕಾವಲಿನ ಕಡೆ ಹೊರಟರು. ನಾನೂ ಹಿಂದೆ ಹೋದೆ. ಹೊಲ ದಾಟಿದರೆ ಗೋಡೆ. ಮಗ ಕತ್ತೆತ್ತಿ ವಿಮಾನ ಬರುತ್ತದಾ ಎಂದು ನೋಡುತ್ತಿದ್ದ. ಅಪ್ಪ ಗೋಡೆಯ ಆಚೆ ಕೈ ತೋರಿಸಿ, ಕೃಷ್ಣಮೃಗಗಳು ಎಲ್ಲಿ ಸೇರುತ್ತಿದ್ದವು, ಮಳೆ ಬಿದ್ದರೆ ನೀರು ಎಲ್ಲಿ ನಿಲ್ಲುತ್ತಿತ್ತು, ಯಾವ ಜಾಲಿಯ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು ಎಂದು ಹೇಳುತ್ತ ಹೋದರು. ಕಾಣದ ಜಾಗವನ್ನು ಕಂಡಂತೆ ಹೇಳುತ್ತಿದ್ದರು. ಆಮೇಲೆ, "ಕುರಿ ಲಾರಿಗೆ ಹತ್ತಿಸಿದ ದಿನ ಮುದಿ ಟಗರೊಂದು ಹತ್ತಲೇ ಇಲ್ಲ ಕಣೋ. ಈ ಕಡೆಗೇ ಮುಖ ಮಾಡಿ ನಿಂತಿತ್ತು" ಎಂದರು.

"ತಾತ, ನಿಂಗೆ ಈ ಏರೋಪ್ಲೇನ್ ಮೇಲೆ ಸಿಟ್ಟಿಲ್ವಾ?" ಮಗ ಕೇಳಿದ. ನಾನು ಕೇಳಬೇಕಿದ್ದ ಪ್ರಶ್ನೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಏರೋಪ್ಲೇನ್ ಮೇಲೆ ಯಾಕೆ ಸಿಟ್ಟು? ದೇಶಕ್ಕೆ ಬೇಕಂತಾರೆ, ಬೇಕೇ ಇರಬಹುದು. ಹುಲ್ಲೂ ಬೇಕಿತ್ತಲ್ಲ, ಅದನ್ನ ಯಾರಾರ ಒಂದು ಮಾತು ಕೇಳಬೇಕಿತ್ತು" ಎಂದರು. ಅವರು ನನ್ನ ಕಡೆ ನೋಡಲಿಲ್ಲ. ಆದರೂ ಆ 'ಯಾರಾರ'ದಲ್ಲಿ ನಾನೂ ಇದ್ದೆ.

ವಾಪಸ್ ಬರುವಾಗ, "ಅಪ್ಪಾ, ಅವತ್ತು ನಾನು ಫೋನಲ್ಲಿ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ" ಎಂದೆ. ಅಷ್ಟು ಹೇಳಲು ಎಷ್ಟು ವರ್ಷ ಬೇಕಾಯಿತು! "ನೀನು ಕೆಲಸದಾಗಿದ್ದೆ ಬಿಡವ್ವಾ" ಎಂದರು. ದಾರಿಯಲ್ಲಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಪಂಚೆಯ ತುದಿಗೆ ಕಟ್ಟಿಕೊಂಡರು. ಯಾಕೆಂದು ನಾನು ಕೇಳಲಿಲ್ಲ.

ಬಣ್ಣ ಹಚ್ಚಲು ಗಾಳಿ ಬಿಡಬೇಕಲ್ಲ! ನಮ್ಮೂರ ಗಾಳಿಗೆ ಹಸಿ ಬಣ್ಣದ ಮೇಲೆ ಧೂಳು ಕೂರುತ್ತದೆ. ಕೊನೆಗೆ ದೇವರ ಕೋಣೆಯ ಬಾಗಿಲು ಹಾಕಿಕೊಂಡು ಬಣ್ಣ ಬಳಿದದ್ದಾಯಿತು. ಬ್ರಿಟಿಷ್ ವಾಯುಪಡೆ ಈ ವಿಮಾನವನ್ನು ಮೊಹಾಕ್ ಎಂದು ಕರೆದು ಬಂಗಾಳ, ಅಸ್ಸಾಂ, ಬರ್ಮಾ ಗಡಿಗಳಲ್ಲಿ 1944ರ ಆರಂಭದವರೆಗೂ ಹಾರಿಸಿತು. ಮೇಲುಭಾಗಕ್ಕೆ ಕಡು ಹಸಿರು ಮತ್ತು ಮಣ್ಣಿನ ಬಣ್ಣ. ರೆಕ್ಕೆಯ ಮೇಲಿನ ವೃತ್ತದ ಚಿಹ್ನೆಯಲ್ಲಿ ಮೊದಲು ನಡುವೆ ಕೆಂಪು ಬೊಟ್ಟು ಇತ್ತು. ಜಪಾನಿನ ವಿಮಾನಗಳ ಮೇಲೂ ಕೆಂಪು ಬೊಟ್ಟೇ ಇದ್ದದ್ದರಿಂದ ತಮ್ಮವರೇ ತಮ್ಮವರನ್ನು ಹೊಡೆಯಬಾರದೆಂದು ಈ ಭಾಗದಲ್ಲಿ ಕೆಂಪನ್ನು ತೆಗೆದುಬಿಟ್ಟರು. ಮಗ ಡೆಕಾಲ್‌ಗಳನ್ನು ನೀರಿನಲ್ಲಿ ನೆನೆಸಿ ಒಂದೊಂದಾಗಿ ಜಾರಿಸಿ ಕೂರಿಸಿದ.

ಕೊನೆಗೆ ಉಳಿದದ್ದು ಚಕ್ರ. ಹೊಸ ಚಕ್ರ ಹೊಸದಾಗಿ ಕಾಣಬಾರದು, ನೆಲದ ಮೇಲೆ ಓಡಿದಂತೆ ಕಾಣಬೇಕು. ಅದಕ್ಕೆ ಬೇರೆ ಬಣ್ಣದ ಪುಡಿ ಮಾರುತ್ತಾರಂತೆ. ಮಗನ ಹತ್ತಿರ ಅದಿರಲಿಲ್ಲ. ಅಪ್ಪ ಒಳಗೆ ಹೋಗಿ ಕಾಗದದ ಪೊಟ್ಟಣ ತಂದರು. ಆ ಮಣ್ಣನ್ನು ಒರಳಲ್ಲಿ ಅರೆದು ಬಟ್ಟೆಯಲ್ಲಿ ಸೋಸಿ ಇಟ್ಟಿದ್ದರು. "ಇದಾದ್ರೆ ಆಗ್ತೈತಾ ನೋಡು." ಮಗ ಬ್ರಷ್ಷಿನ ತುದಿಯಲ್ಲಿ ತೆಗೆದು ಚಕ್ರಕ್ಕೆ, ಹೊಟ್ಟೆಯ ಕೆಳಗೆ ಮೆಲ್ಲಗೆ ಉಜ್ಜಿದ. ಸರಿಯಾಗಿ ಹೊಂದಿತು.

ಆಯುಧಪೂಜೆಯ ದಿನ ಪಡಸಾಲೆಯಲ್ಲಿ ಕುಡುಗೋಲು, ಗುದ್ದಲಿ, ಕೊಡಲಿ, ಅಣ್ಣನ ಬೈಕಿನ ಕೀಲಿ, ನನ್ನ ಲ್ಯಾಪ್‌ಟಾಪು ಎಲ್ಲ ಸಾಲಾಗಿ ಬಂದವು. ಅಪ್ಪ ಅಟ್ಟದಿಂದ ಉಣ್ಣೆ ಕತ್ತರಿಸುವ ಕತ್ತರಿಯನ್ನು ಇಳಿಸಿ, ತುಕ್ಕು ಉಜ್ಜಿ, ಎಣ್ಣೆ ಹಚ್ಚಿ ತಂದರು. ಕುರಿ ಮಾರಿದ ಮೇಲೆ ಅದು ಪೂಜೆಗೆ ಬಂದಿರಲೇ ಇಲ್ಲವಂತೆ. ಅದನ್ನಿಟ್ಟು, "ಎಲ್ಲೋ ನಿನ್ನ ಏರೋಪ್ಲೇನು?" ಎಂದು ಮೊಮ್ಮಗನನ್ನು ಕರೆದು ಕತ್ತರಿಯ ಪಕ್ಕದಲ್ಲೇ ಇಡಿಸಿದರು.

ಅವ್ವ ಎಲ್ಲಕ್ಕೂ ಕುಂಕುಮ ಇಡುತ್ತ ಬಂದವಳು ವಿಮಾನದ ಮುಂದೆ ನಿಂತಳು. ರೆಕ್ಕೆಯ ಮೇಲಿನ ನೀಲಿ, ಬಿಳಿ ವೃತ್ತ ನೋಡಿ, "ಇದಕ್ಕೆ ಬೊಟ್ಟೇ ಇಟ್ಟಿಲ್ಲವಲ್ಲೋ" ಎಂದು ಬೆರಳು ಚಾಚಿದಳು. ಮಗ ಹೌಹಾರಿ, "ಅಜ್ಜೀ, ಅಲ್ಲಿ ಬೇಡ, ಜಪಾನಿನದಾಗಿಬಿಡುತ್ತೆ!" ಎಂದು ಕೂಗಿದ. ಮನೆಯೆಲ್ಲ ನಕ್ಕಿತು. ಅಪ್ಪನೂ ನಕ್ಕರು.

"ಹಂಗಾದ್ರೆ ಮೂಗಿಗೆ ಇಡ್ತೀನಿ ಬಿಡು" ಎಂದು ಅವ್ವ ಪಂಕದ ನಡುವೆ ಸಾಸಿವೆಯಷ್ಟು ಕುಂಕುಮ ಇಟ್ಟಳು. ವಿಮಾನ ಈಗ ಬೆಂಗಳೂರಿನಲ್ಲಿ ಮಗನ ಓದುವ ಮೇಜಿನ ಮೇಲಿದೆ. ಆ ಕುಂಕುಮವನ್ನೂ, ಚಕ್ರದ ಮಣ್ಣನ್ನೂ ಒರೆಸಲು ಅವನು ಯಾರಿಗೂ ಬಿಡುವುದಿಲ್ಲ. ಅಪ್ಪ ಮೊನ್ನೆ ಫೋನಿನಲ್ಲಿ, ಎರಡು ಕುರಿಮರಿ ತರಬೇಕೆಂದಿದ್ದೇನೆ ಎಂದರು. ನಾನು ಕೈಲಿದ್ದ ಕೆಲಸ ಬಿಟ್ಟು ಕೂತು, ಯಾವ ಬಣ್ಣದವು, ಎಲ್ಲಿ ಮೇಯಿಸುತ್ತೀಯಾ, ರೊಪ್ಪ ಯಾರ ಕೈಲಿ ರಿಪೇರಿ ಮಾಡಿಸುತ್ತೀಯಾ ಎಂದು ಎಲ್ಲ ಕೇಳಿದೆ. ಅರ್ಧ ಗಂಟೆ ಮಾತಾಡಿದೆವು.